ರಾತ್ರಿ ಹನ್ನೆರಡಕ್ಕೂ ಉತ್ತರ ಕೊಡುವ ಅಂಗಡಿ

ಹುಬ್ಬಳ್ಳಿಯಲ್ಲಿ ನನ್ನ ಬಳಿ ಆಪ್ತಸಲಹೆಗೆ ಬರುವವರಲ್ಲಿ ಈಚೆಗೆ ಅಂಗಡಿ ನಡೆಸುವವರು ಜಾಸ್ತಿ ಆಗಿದ್ದಾರೆ. ನಿದ್ದೆ ಇಲ್ಲ, ಎದೆ ಢವಢವ, ಮನೆಯವರ ಮೇಲೆ ಸಿಟ್ಟು. ಕೇಳುತ್ತಾ ಹೋದರೆ ಮಾತು ಬಂದು ನಿಲ್ಲುವುದು ಫೋನಿನ ಹತ್ತಿರ. ಗಿರಾಕಿಗೆ ಅನುಕೂಲ ಆಗಲಿ ಎಂದು ಕೊಟ್ಟ ವಾಟ್ಸಾಪ್ ನಂಬರು ಮಲಗುವ ಕೋಣೆಯವರೆಗೂ ಬಂದಿರುತ್ತದೆ. ಮತ್ತೆ ಮತ್ತೆ ಇದನ್ನೇ ನೋಡಿದ್ದರಿಂದ ಒಂದು ಪ್ರಕರಣವನ್ನು ಇಲ್ಲಿ ಬರೆಯುತ್ತಿದ್ದೇನೆ. ಅವರ ಒಪ್ಪಿಗೆ ಇದೆ. ಗುರುತು ಸಿಗುವ ವಿವರ ಬದಲಿಸಿದ್ದೇನೆ.

ಅವರದು ತಂದೆ ಕಾಲದ ಬಟ್ಟೆ ಅಂಗಡಿ. ಕುಂದಗೋಳ, ನವಲಗುಂದ, ಅಣ್ಣಿಗೇರಿ ಕಡೆಯಿಂದ ಮದುವೆ ಜವಳಿಗೆ ಬರುವ ಮನೆತನಗಳೇ ಹಳೇ ಗಿರಾಕಿಗಳು. 2020ರ ಲಾಕ್‌ಡೌನ್‌ನಲ್ಲಿ ಬಾಗಿಲು ಹಾಕಿದಾಗ ಫೋಟೋ ಕಳಿಸಿ ಸೀರೆ ಮಾರಿದರು. ಅಂಗಡಿ ಉಳಿಯಿತು. ಆದರೆ ಅವತ್ತು ಹಿಡಿದ ಫೋನನ್ನು ಕೆಳಗಿಡಲಿಲ್ಲ. ಹೆಂಡತಿಯೇ ಒತ್ತಾಯ ಮಾಡಿ ಕರೆತಂದಿದ್ದರು. ಮೊದಲು ಡಾಕ್ಟರಿಗೆ ತೋರಿಸಿಕೊಂಡು ಬರಲು ಹೇಳಿದೆ. ದೇಹದ ತೊಂದರೆ ಏನೂ ಇರಲಿಲ್ಲ.

ಎರಡು ಭೇಟಿಗಳಲ್ಲಿ ಮಾತು ಸುಮ್ನೆ ಸುತ್ತಾಡಿತು. ಮುಂದಿನ ಸಲ ನಾನು, "ನಿನ್ನೆ ರಾತ್ರಿ ಬಂದ ಮೆಸೇಜುಗಳನ್ನು ಗಟ್ಟಿಯಾಗಿ ಓದಿ" ಎಂದೆ. ಅವರು ಓದತೊಡಗಿದರು. ಇಳಕಲ್ ಸೀರಿ ಎಷ್ಟಕ್ಕ? ಜಂಪರ್ ಪೀಸ್ ಕೂಡಿ ಬರ್ತದೇನು? ಐತವಾರ ಅಂಗಡಿ ತಗದಿರ್ತೀರೇನು?

"ಇವರಲ್ಲಿ ಈಗಲೇ ಹೇಳಿ ಅಂದವರು ಯಾರು?"

ಮೇಲೆ ಕೆಳಗೆ ಹುಡುಕಿದರು. ಒಬ್ಬರೂ ಅಂದಿರಲಿಲ್ಲ. ಕೆಲಸ ಮುಗಿಸಿ ಬಿಡುವಾದಾಗ ಕೇಳಿದ್ದರು, ಅಷ್ಟೇ.

"ಆದ್ರೂ ಮೇಡಂ, ತಡಾ ಆದ್ರ ಬ್ಯಾರೆ ಅಂಗಡಿಗೆ ಹೋಗ್ತಾರ್ರಿ."

ಅಷ್ಟು ಹೊತ್ತು ಸುಮ್ಮನೆ ಕೂತಿದ್ದ ಹೆಂಡತಿ ಮಾತಾಡಿದರು. "ಹಳ್ಳಿಯಿಂದ ಜವಳಿಗೆ ಬಂದ ಹೆಣ್ಮಕ್ಕಳು ನಾಕು ತಾಸು ಕುಂದರ್ತಾರ. ಹಿಂದ ಪಾಯಖಾನಿ ಐತಿ, ಅದರ ಕೀಲಿ ನಿಮ್ಮ ಗಲ್ಲಾದಾಗ ಐತಿ. ಕೇಳಾಕ ನಾಚಿ ಅವರು ನೀರೂ ಕುಡಿಯಂಗಿಲ್ಲ. ರಾತ್ರಿ ಮುಖಾ ನೋಡದವರಿಗೆ ಫೋಟೋ ಕಳಸ್ತೀರಿ. ಇದ್ಯಾವ ಅನುಕೂಲರಿ?"

ಅವರು ಫೋನನ್ನು ಮೇಜಿನ ಮೇಲೆ ಇಟ್ಟರು. ಸ್ವಲ್ಪ ಹೊತ್ತಿನ ಮೇಲೆ, "ನಮ್ಮವ್ವನೂ ಪ್ಯಾಟಿಗೆ ಬಂದ್ರ ನೀರು ಕುಡೀತಿರಲಿಲ್ಲ" ಎಂದರು.

ಅವರ ದುಡಿಮೆ ಎತ್ತ ಹರಿಯುತ್ತಿತ್ತು ಎಂದು ನನಗೆ ಗೊತ್ತಾಗಿದ್ದು ಆಗಲೇ. ಸದ್ದು ಮಾಡುವ ಗಿರಾಕಿಗೆ ಎಲ್ಲವೂ ಸಿಗುತ್ತಿತ್ತು, ಸುಮ್ಮನೆ ಕೂತವರಿಗೆ ಏನೂ ಇಲ್ಲ. ರಾತ್ರಿಯ ಉತ್ತರ ಗಿರಾಕಿಯ ಅಗತ್ಯಕ್ಕೆ ಕೊಟ್ಟದ್ದಲ್ಲ. 2020ರ ಭಯ ಇನ್ನೂ ಹೋಗಿರಲಿಲ್ಲ, ಆ ಭಯ ಕೊಡಿಸಿದ್ದು. ಒಂದು ಉತ್ತರ ಕಳಿಸಿದರೆ ಎದೆ ಹಗುರ. ಮತ್ತೆ ಫೋನ್ ಟಣ್ ಅಂದರೆ ಮತ್ತೆ ಅದೇ ಭಯ. ಇದಕ್ಕೆ ಕೊನೆ ಎಲ್ಲಿ?

ನಾನು ಕೊಟ್ಟ ಸಲಹೆ ಅರ್ಧ ಮನಸ್ಸಿಗೆ, ಅರ್ಧ ಅಂಗಡಿಗೆ. ವ್ಯಾಪಾರದವರಿಗೆಂದೇ ಇರುವ ವಾಟ್ಸಾಪ್ ಬಿಸಿನೆಸ್ ಆ್ಯಪ್‌ನಲ್ಲಿ ಅಂಗಡಿಯ ವೇಳೆ ಹಾಕಬಹುದು, ಸೀರೆಯ ಫೋಟೋ ಬೆಲೆ ಸಮೇತ ಇಡಬಹುದು, ಬಾಗಿಲು ಹಾಕಿದ ಮೇಲೆ ತಾನಾಗಿಯೇ ಹೋಗುವ ಉತ್ತರ ಬರೆದಿಡಬಹುದು. "ರಾತ್ರಿ 9ರ ನಂತರ ಕೇಳಿದ್ದಕ್ಕೆ ಬೆಳಗ್ಗೆ 11ರೊಳಗೆ ಹೇಳುತ್ತೇವೆ" ಎಂದು ಬರೆಯಲು ಹೇಳಿದೆ. ಹೇಳಿದ ವೇಳೆ ತಪ್ಪಬಾರದು. ಎಷ್ಟು ಹೊತ್ತು ಎಂದು ಗೊತ್ತಿಲ್ಲದೆ ಕಾಯುವುದು ಗೊತ್ತಿದ್ದು ಕಾಯುವುದಕ್ಕಿಂತ ಉದ್ದ ಅನ್ನಿಸುತ್ತದೆ ಎಂದು ವ್ಯವಹಾರ ನಿರ್ವಹಣೆಯ ಲೇಖಕ ಡೇವಿಡ್ ಮೈಸ್ಟರ್ 1985ರಲ್ಲೇ ಬರೆದಿದ್ದರು. ಬಸ್ ಸ್ಟ್ಯಾಂಡಿನಲ್ಲಿ ನಿಂತವರಿಗೆಲ್ಲ ಇದು ಗೊತ್ತು, ಅಲ್ವಾ? ಫೋನ್ ರಾತ್ರಿ ಅಡುಗೆಮನೆಯಲ್ಲಿ ಇರಲಿ ಎಂದೆ. ಮೊದಲ ಕೆಲವು ರಾತ್ರಿ ಚಡಪಡಿಕೆ ಹೆಚ್ಚುತ್ತದೆ, ಎದ್ದು ಹೋಗಿ ನೋಡದಿದ್ದರೆ ತಾನೇ ಇಳಿಯುತ್ತದೆ ಎಂದೂ ಹೇಳಿದೆ. ಉತ್ತರ ತಡವಾಗಿ ನಿಜಕ್ಕೂ ಕೈತಪ್ಪಿದ ವ್ಯಾಪಾರವನ್ನು ಒಂದು ವಹಿಯಲ್ಲಿ ಬರೆಯಬೇಕು. ಅಂದಾಜಿನದು ಬರೆಯುವಂತಿಲ್ಲ. ಕೀಲಿ ಗಲ್ಲಾದಿಂದ ಹೊರಗೆ ಬರಬೇಕು. ಪಾಯಖಾನೆ ಎಲ್ಲಿದೆ ಎಂದು ದೊಡ್ಡಕ್ಷರದಲ್ಲಿ ಬರೆದು ಹಾಕಬೇಕು, ಯಾರೂ ಕೇಳುವ ಹಾಗೆ ಆಗಬಾರದು.

ಆಪ್ತಸಲಹೆಗಾರರಿಗೆ ವ್ಯಾಪಾರದ ಮಾತು ಯಾಕೆ ಎಂದು ನನ್ನ ಜೊತೆಯವರೊಬ್ಬರು ಆಕ್ಷೇಪಿಸಿದರು. ನಾನು ಒಪ್ಪುವುದಿಲ್ಲ. ಉಸಿರಾಟದ ಅಭ್ಯಾಸವನ್ನೂ ಕಲಿಸಿದ್ದೆ. ಆದರೆ ತಲೆದಿಂಬಿನ ಪಕ್ಕ ಫೋನ್ ಬಡಿದುಕೊಳ್ಳುತ್ತಿದ್ದರೆ ಆ ಅಭ್ಯಾಸ ಎಷ್ಟು ಹೊತ್ತು ನಿಲ್ಲುತ್ತದೆ? ಮನುಷ್ಯನ ಚಿಂತೆ ಅವನ ದಿನಚರಿಯಲ್ಲೇ ಇರುತ್ತದೆ. ಅದನ್ನು ಬಿಟ್ಟು ಬರೀ ಮನಸ್ಸನ್ನು ಸರಿ ಮಾಡುತ್ತೇನೆ ಎಂದು ಹೇಳಲು ನನಗೆ ಆಗುವುದಿಲ್ಲ. ಇಷ್ಟರಿಂದ ನಿದ್ದೆ ಬಾರದಿದ್ದರೆ, ಬದುಕೇ ಬೇಡ ಅನ್ನಿಸಿದರೆ ಮಾತ್ರ ತಡ ಮಾಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಕೂಡ ಹತ್ತಿರದಲ್ಲೇ ಇದೆ.

ಅವರು ವಹಿ ತಂದು ತೋರಿಸಿದರು. ಒಂದೆರಡು ವ್ಯಾಪಾರ ಹೋಗಿದ್ದು ನಿಜ, ಅದನ್ನು ಮುಚ್ಚಿಡುವುದು ಬೇಡ. ಅವರು ಹೆದರಿದಷ್ಟು ಹೋಗಿರಲಿಲ್ಲ. ನಿದ್ದೆ ಪೂರ್ತಿ ಬಂದಿಲ್ಲ, ನಡುರಾತ್ರಿ ಈಗಲೂ ಎಚ್ಚರ ಆಗುತ್ತದಂತೆ. ಯುಗಾದಿ ಆದ ಮೇಲೆ ಲಗ್ನದ ಸೀಸನ್, ಒಂಬತ್ತನ್ನು ಹತ್ತು ಮಾಡಲೇನು ಎಂದು ಕೇಳಿದರು. ಮಾಡಿ, ಆದರೆ ಯಾವ ತಾರೀಖಿನವರೆಗೆ ಎಂದು ಈಗಲೇ ಬರೆದು ಹಾಕಿ ಎಂದೆ. ತಾರೀಖನ್ನು ಅವರ ಹೆಂಡತಿ ಹೇಳಿದರು.