ಮರೆವು, ರಕ್ತಪರೀಕ್ಷೆ, ನ್ಯಾನೊ ಕಣ: ಓದುಗರ ಪ್ರಶ್ನೆಗಳಿಗೆ ವೈದ್ಯರ ಉತ್ತರ

ಪ್ರಶ್ನೆ: ತಾಯಿಗೆ 68 ವರ್ಷ. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಾರೆ. ನ್ಯಾನೊ ತಂತ್ರಜ್ಞಾನದಿಂದ ಒಂದು ಹನಿ ರಕ್ತದಲ್ಲೇ ಡಿಮೆನ್ಷಿಯಾ ಪತ್ತೆಯಾಗುತ್ತದಂತೆ. ಮಾಡಿಸಬಹುದೇ?

ಉತ್ತರ: ಮೊದಲು ಬಿ12, ಥೈರಾಯ್ಡ್ ಪರೀಕ್ಷೆ ಮತ್ತು ಮಿದುಳಿನ ಸ್ಕ್ಯಾನ್ ಮಾಡಿಸಿ. ಅವರು ನುಂಗುವ ಎಲ್ಲ ಮಾತ್ರೆಗಳನ್ನೂ ವೈದ್ಯರಿಗೆ ತೋರಿಸಿ. ಅಲರ್ಜಿಯ, ನಿದ್ರೆಯ ಕೆಲವು ಮಾತ್ರೆಗಳಿಂದಲೂ ಮರೆವು ಬರುತ್ತದೆ. ಸರಿಪಡಿಸಬಹುದಾದ ಕಾರಣ ಕೈತಪ್ಪಿ ಹೋಗಬಾರದು.

ಎಲ್ಲ ಬಗೆಯ ಡಿಮೆನ್ಷಿಯಾವನ್ನು ಹೇಳುವ ಒಂದೇ ರಕ್ತಪರೀಕ್ಷೆ ಇಲ್ಲ. ಅಲ್ಝೈಮರ್‌ಗೆ ಮಾತ್ರ ಪಿ-ಟೌ 217 ಎಂಬ ಪ್ರೋಟೀನನ್ನು ಅಳೆಯುವ ಪರೀಕ್ಷೆ ಬಂದಿದೆ. 2025ರ ಮೇ ತಿಂಗಳಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಂಥ ಮೊದಲ ಪರೀಕ್ಷೆಗೆ ಅನುಮತಿ ಕೊಟ್ಟಿತು. ಅದೂ 55 ವರ್ಷ ತುಂಬಿದ, ಲಕ್ಷಣ ಕಾಣಿಸಿಕೊಂಡವರಿಗೆ. ರಕ್ತವನ್ನು ಸಿರೆಯಿಂದಲೇ ತೆಗೆಯಬೇಕು, ಹನಿ ಸಾಲದು. ಪಿ-ಟೌ ಜೊತೆಗೇ ಅಳೆಯುವ ಅಮಿಲಾಯ್ಡ್ ಪ್ರೋಟೀನು ಗಾಜಿಗೂ ಕೆಲವು ಪ್ಲಾಸ್ಟಿಕ್‌ಗಳಿಗೂ ಅಂಟಿಕೊಳ್ಳುವುದರಿಂದ ಪ್ಲಾಸ್ಮಾವನ್ನು (ರಕ್ತಕಣಗಳನ್ನು ಬೇರ್ಪಡಿಸಿದ ದ್ರವ) ಪಾಲಿಪ್ರೊಪಿಲೀನ್ ಎಂಬ ಬೇರೆ ಪ್ಲಾಸ್ಟಿಕ್ಕಿನ ಕೊಳವೆಯಲ್ಲೇ ಇಡುತ್ತಾರೆ. ಮೂತ್ರಪಿಂಡದ ಕಾಯಿಲೆಯಿದ್ದರೆ ಪಿ-ಟೌ ಹೆಚ್ಚು ತೋರಬಹುದು. ವೈದ್ಯರಿಗೆ ಮೊದಲೇ ತಿಳಿಸಿ.

ಚಿನ್ನದ ನ್ಯಾನೊ ಕಣಗಳ ವಿಧಾನ ಇನ್ನೂ ಪ್ರಯೋಗಾಲಯದಲ್ಲಿದೆ. ರಕ್ತದಲ್ಲಿ ಪಿ-ಟೌ ಪ್ರೋಟೀನು ಪಿಕೋಗ್ರಾಂ ಲೆಕ್ಕದಲ್ಲಿರುತ್ತದೆ, ಅಂದರೆ ಗ್ರಾಮಿನ ಲಕ್ಷ ಕೋಟಿಯಲ್ಲೊಂದು ಪಾಲು. ಆ ಪ್ರೋಟೀನನ್ನೇ ಹಿಡಿಯುವ ಪ್ರತಿಕಾಯ (ಆ್ಯಂಟಿಬಾಡಿ) ಅಂಟಿಸಿದ ಸುಮಾರು 20 ನ್ಯಾನೊಮೀಟರಿನ ಕಣಗಳು ಅದರ ಸುತ್ತ ಗುಂಪುಗೂಡಿದರೆ ದ್ರಾವಣದ ಕೆಂಪು ನೀಲಿಗೆ ತಿರುಗುತ್ತದೆ. ತೊಡಕೆಂದರೆ, ರಕ್ತದ ಉಪ್ಪಿನಂಶಕ್ಕೂ ಕಣಗಳು ಗುಂಪುಗೂಡುತ್ತವೆ; ರಕ್ತದಲ್ಲಿರುವ ಆಲ್ಬುಮಿನ್ ಎಂಬ ಪ್ರೋಟೀನು ಬಂದು ಅವುಗಳ ಮೈ ಮುಚ್ಚಿ ಪ್ರತಿಕಾಯವನ್ನು ಮರೆಮಾಡುತ್ತದೆ. ಶುದ್ಧ ದ್ರಾವಣದಲ್ಲಿ ಗೆದ್ದ ಸೆನ್ಸರ್ ನಿಜವಾದ ರಕ್ತದಲ್ಲಿ ಸೋಲುವುದು ಹೆಚ್ಚಾಗಿ ಇದರಿಂದಲೇ.

ಪ್ರಶ್ನೆ: ನ್ಯಾನೊ ಕಣಗಳಲ್ಲಿ ಔಷಧವಿಟ್ಟು ಮಿದುಳಿಗೇ ತಲುಪಿಸಬಹುದಲ್ಲವೇ?

ಉತ್ತರ: ಇಲಿಗಳಲ್ಲಿ ಆಗಿದೆ. ಡಿಮೆನ್ಷಿಯಾಕ್ಕೆ ಅಂಥ ಔಷಧ ಇನ್ನೂ ಚಿಕಿತ್ಸೆಗೆ ಬಂದಿಲ್ಲ. ಮಿದುಳಿನ ರಕ್ತನಾಳಗಳ ಒಳಗೋಡೆಯ ಜೀವಕೋಶಗಳು ಬಿಗಿಯಾಗಿ ಹೆಣೆದುಕೊಂಡಿರುತ್ತವೆ. ಕಣ ಚಿಕ್ಕದೆಂಬ ಮಾತ್ರಕ್ಕೆ ಒಳಗೆ ನುಸುಳಲಾರದು. ಅದಕ್ಕೇ ಕಬ್ಬಿಣಾಂಶವನ್ನು ಒಳಗೊಯ್ಯುವ ಟ್ರಾನ್ಸ್‌ಫೆರಿನ್ ಗ್ರಾಹಕಕ್ಕೆ ಹಿಡಿದುಕೊಳ್ಳುವ ಅಣುವನ್ನು ಕಣದ ಮೇಲೆ ಕೂರಿಸುತ್ತಾರೆ. ಹಿಡಿತ ಅತಿ ಬಿಗಿಯಾದರೆ ಕಣ ಗೋಡೆಯಲ್ಲೇ ಸಿಕ್ಕಿಬೀಳುತ್ತದೆ, ಸಡಿಲವಾದರೆ ಹತ್ತುವುದೇ ಇಲ್ಲ. ರಕ್ತಕ್ಕೆ ಸೇರಿದ ಕಣಗಳಲ್ಲಿ ಬಹುಪಾಲನ್ನು ಯಕೃತ್ತು, ಗುಲ್ಮಗಳೇ ಸೆಳೆದುಕೊಳ್ಳುತ್ತವೆ. ಇಲಿಗೆ ಮೂಗಿನ ಮೂಲಕ ಕೊಟ್ಟು ಗೆದ್ದದ್ದನ್ನೂ ಹಾಗೇ ನಂಬಬೇಡಿ: ವಾಸನೆ ಗ್ರಹಿಸುವ ಪದರ ಇಲಿಯ ಮೂಗಿನಲ್ಲಿ ಸುಮಾರು ಅರ್ಧದಷ್ಟಿದ್ದರೆ ನಮ್ಮಲ್ಲಿ ಅದು ತೀರ ಸಣ್ಣ ಭಾಗ.

ಆರಂಭದ ಹಂತದ ಅಲ್ಝೈಮರ್‌ಗೆ ಈಗಿರುವ ಲೆಕಾನೆಮಾಬ್ ನ್ಯಾನೊ ಔಷಧವಲ್ಲ, ಪ್ರತಿಕಾಯ. 18 ತಿಂಗಳ ಪ್ರಯೋಗದಲ್ಲಿ ಅದು ಕುಸಿತದ ವೇಗವನ್ನು ಶೇ. 27ರಷ್ಟು ತಗ್ಗಿಸಿತು, ಹೋದ ನೆನಪು ಮರಳುವುದಿಲ್ಲ. ಮಿದುಳಿನಲ್ಲಿ ಊತ, ಸಣ್ಣ ರಕ್ತಸ್ರಾವ ಆಗಬಹುದಾದ್ದರಿಂದ ನಡುನಡುವೆ ಎಂಆರ್‌ಐ ತಪ್ಪಿಸುವಂತಿಲ್ಲ.

ಪ್ರಶ್ನೆ: ‘ನ್ಯಾನೊ ಕರ್ಕ್ಯುಮಿನ್’ ಮಾತ್ರೆ ಕೊಡಲೇ?

ಉತ್ತರ: ಬೇಡ. ಕರ್ಕ್ಯುಮಿನ್ ಅರಿಶಿನದಲ್ಲಿರುವ ಅಂಶ; ನ್ಯಾನೊ ರೂಪದಲ್ಲಿ ಕರುಳು ಅದನ್ನು ಹೆಚ್ಚು ಹೀರುತ್ತದೆ, ಅಷ್ಟೇ. ಮರೆವು ನಿಲ್ಲುತ್ತದೆ ಎಂಬುದಕ್ಕೆ ಪುರಾವೆಯಿಲ್ಲ. ರಕ್ತ ತೆಳುವಾಗಿಸುವ ಮಾತ್ರೆಯ ಜೊತೆ ರಕ್ತಸ್ರಾವದ ಅಪಾಯ ಹೆಚ್ಚಬಹುದು. ಯಕೃತ್ತಿಗೆ ಹಾನಿಯಾದ ವರದಿಗಳೂ ಇವೆ.