ತೊಂಬತ್ತೈದು ಪರ್ಸೆಂಟ್ ಸರಿ ಅಂದರೆ ಸಾಕೇ?

ಪ್ರಶ್ನೆ: ನಾನು ಬೆಳಗಾವಿ ಜಿಲ್ಲೆಯ ಒಂದು ಪೊಲೀಸ್ ಠಾಣೆಯಲ್ಲಿ ರೈಟರ್. ಮಾತಾಡಿದ್ದನ್ನು ಕನ್ನಡದಲ್ಲಿ ಟೈಪ್ ಮಾಡುವ ಸಾಫ್ಟ್‌ವೇರ್ ತೋರಿಸಲು ಕಂಪನಿಯವರು ಬಂದಿದ್ದರು. 95 ಪರ್ಸೆಂಟ್ ಸರಿ ಬರುತ್ತದೆ ಅಂದರು. ಅವರೇ ಮಾತಾಡಿ ತೋರಿಸಿದಾಗ ಚೆನ್ನಾಗಿಯೇ ಬಂತು. ಸಾಹೇಬರು ‘ನೋಡಿ ಹೇಳು’ ಅಂದಿದ್ದಾರೆ. ಏನು ನೋಡಲಿ?

ಸಂಪಾದಕರ ಉತ್ತರ: ತಗೊಳ್ಳುವ ಮೊದಲೇ ಕೇಳಿದಿರಿ, ಬಹಳ ಒಳ್ಳೆಯದಾಯಿತು.

ಠಾಣೆಯಲ್ಲಿ ಇದರಿಂದ ಎರಡು ಕೆಲಸ ಆಗಬೇಕು. ಮಹಜರು, ಡೈರಿಯನ್ನು ನೀವೇ ಹೇಳಿ ಬರೆಸುವುದು ಒಂದು. ಪಿರ್ಯಾದಿ, ಅಂದರೆ ದೂರು ಕೊಡಲು ಬಂದವರು, ಹೇಳುತ್ತಾ ಹೋದದ್ದನ್ನು ಯಂತ್ರವೇ ಕೇಳಿ ಬರೆದುಕೊಳ್ಳುವುದು ಇನ್ನೊಂದು. ಕಂಪನಿಯವರು ತಮ್ಮದೇ ದನಿಯಲ್ಲಿ ತೋರಿಸಿದ್ದು ಮೊದಲನೆಯದು. ಅದರಲ್ಲಿ ಬಂದ ಅಂಕವನ್ನು ಎರಡನೆಯದಕ್ಕೆ ಕೊಡಬೇಡಿ. ನನಗೆ ಚಿಂತೆ ಇರುವುದು ಈ ಎರಡನೆಯದರ ಬಗ್ಗೆ.

ಪರ್ಸೆಂಟ್ ಹೇಗೆ ಲೆಕ್ಕ ಹಾಕುತ್ತಾರೆ? ತಪ್ಪಾದ ಪದ, ಬಿಟ್ಟುಹೋದ ಪದ, ಸುಮ್ನೆ ಸೇರಿಕೊಂಡ ಪದ, ಮೂರನ್ನೂ ಕೂಡಿಸಿ, ನಿಜವಾಗಿ ಆಡಿದ ಪದಗಳ ಸಂಖ್ಯೆಯಿಂದ ಭಾಗಿಸುತ್ತಾರೆ. ಬರುವುದು ತಪ್ಪಿನ ಪರ್ಸೆಂಟ್; ನೂರರಲ್ಲಿ ಅದನ್ನು ಕಳೆದರೆ ಸರಿಯ ಪರ್ಸೆಂಟ್. ಈಗ ನಿಮ್ಮ ಕಡೆಯ ಒಂದು ಮಾತು ತಗೊಳ್ಳೋಣ: ‘ಜಗಳದಾಗ ದೊಡ್ಡಾಂವ ನನಗ ಹೊಡದಿಲ್ಲ, ಸಣ್ಣಾಂವ ಬಡಿಗೀಲೆ ಬೆನ್ನಿಗೆ ಎರಡು ಸಲ ಹೊಡದ.’ ಹತ್ತು ಪದ. ಯಂತ್ರ ‘ಹೊಡದಿಲ್ಲ’ ಅನ್ನುವುದನ್ನು ‘ಹೊಡದ’ ಎಂದು ಬರೆಯಿತು ಅನ್ನಿ. ಹತ್ತರಲ್ಲಿ ಒಂದೇ ತಪ್ಪು, 90 ಪರ್ಸೆಂಟ್ ಸರಿ. ಆದರೆ ಏನೂ ಮಾಡದ ದೊಡ್ಡವನು ಆರೋಪಿಯಾದ.

ಅದೇ ಮಾತನ್ನು ಯಂತ್ರ ಪುಸ್ತಕದ ಕನ್ನಡಕ್ಕೆ ತಿರುಗಿಸಿತು ಅನ್ನಿ: ‘ಜಗಳದಲ್ಲಿ ದೊಡ್ಡವನು ನನಗೆ ಹೊಡೆದಿಲ್ಲ, ಸಣ್ಣವನು ಬಡಿಗೆಯಿಂದ ಬೆನ್ನಿಗೆ ಎರಡು ಸಲ ಹೊಡೆದ.’ ಲೆಕ್ಕದ ಪ್ರಕಾರ ಏಳು ಪದ ತಪ್ಪು, 30 ಪರ್ಸೆಂಟ್ ಮಾತ್ರ ಸರಿ. ಸಂಗತಿಗೆ ಮಾತ್ರ ಏನೂ ಆಗಿಲ್ಲ. ಪ್ರತ್ಯಯಗಳು ಪದಕ್ಕೇ ಅಂಟಿಕೊಳ್ಳುವ ಕನ್ನಡದಲ್ಲಿ ಈ ಒಂದೇ ಅಂಕ ನೋಡಿ ತೀರ್ಮಾನ ಮಾಡಲು ಆಗುವುದಿಲ್ಲ.

ಹಾಗಾಗಿ ನಿಮ್ಮ ಲೆಕ್ಕ ನೀವೇ ಇಡಿ. ಯಾರು ಮಾಡಿದರು, ಯಾರಿಗೆ ಮಾಡಿದರು, ಮಾಡಿದರೋ ಇಲ್ಲವೋ, ಹೆಸರು, ಊರು, ವೇಳೆ, ದುಡ್ಡು, ಗಾಡಿ ನಂಬರ್. ಇವುಗಳಲ್ಲಿ ಎಷ್ಟು ತಪ್ಪಿದವು ಅನ್ನುವುದನ್ನು ಬೇರೆಯಾಗಿ ಎಣಿಸಿ. ಉಳಿದ ತಪ್ಪುಗಳನ್ನು ನೀವು ಹೇಗೂ ತಿದ್ದುತ್ತೀರಿ.

ಪರೀಕ್ಷೆಯನ್ನು ಠಾಣೆಯಲ್ಲೇ ಮಾಡಿ. ಫ್ಯಾನ್ ತಿರುಗುತ್ತಿರಲಿ, ವೈರ್‌ಲೆಸ್ ಸೆಟ್ ಕೂಗುತ್ತಿರಲಿ, ಪಕ್ಕದ ಟೇಬಲ್ಲಿನಲ್ಲಿ ಜನ ಮಾತಾಡುತ್ತಿರಲಿ. ನಿಜವಾದ ಪಿರ್ಯಾದಿಯ ದನಿಯನ್ನು ಪರೀಕ್ಷೆಗೆ ಬಳಸಬೇಡಿ. ಪರಿಚಯದವರನ್ನು ಕೇಳಿ, ಒಪ್ಪಿದವರಿಂದ ಕಟ್ಟಿದ ಘಟನೆಯೊಂದನ್ನು ಅವರದೇ ಮಾತಿನಲ್ಲಿ ಹೇಳಿಸಿ. ಹಲ್ಲಿಲ್ಲದ ಅಜ್ಜಿ ಇರಲಿ, ಮರಾಠಿ ಬೆರೆಸಿ ಮಾತಾಡುವವರಿರಲಿ, ಮನೆಯಲ್ಲಿ ಉರ್ದು ಆಡುವವರಿರಲಿ. ಯಂತ್ರ ಬರೆದದ್ದನ್ನು ನೋಡುವ ಮೊದಲೇ ಇಬ್ಬರು ಕೇಳಿಸಿಕೊಂಡು ಕೈಯಲ್ಲಿ ಬರೆದಿಡಲಿ. ಫಲಿತಾಂಶವನ್ನು ಒಟ್ಟು ಸರಾಸರಿ ಮಾಡದೆ ಒಬ್ಬೊಬ್ಬರದೂ ಬೇರೆ ಬೇರೆ ಬರೆದುಕೊಳ್ಳಿ. ಅಮೆರಿಕದಲ್ಲಿ 2020ರಲ್ಲಿ ಐದು ದೊಡ್ಡ ಕಂಪನಿಗಳ ಇಂಥ ಸಾಫ್ಟ್‌ವೇರ್ ಪರೀಕ್ಷಿಸಿದಾಗ ಬಿಳಿಯರ ಮಾತಿನಲ್ಲಿ ಸರಾಸರಿ 19 ಪರ್ಸೆಂಟ್ ಪದ ತಪ್ಪಾದರೆ, ಕಪ್ಪು ಜನರ ಮಾತಿನಲ್ಲಿ 35 ಪರ್ಸೆಂಟ್ ತಪ್ಪಾಗಿದ್ದವು. ನಮ್ಮಲ್ಲಿ ಆ ಪೆಟ್ಟು ಯಾರಿಗೆ ಬೀಳುತ್ತದೆ ಅಂತ ನಿಮಗೇ ಗೊತ್ತು, ಅಲ್ವಾ?

ಇನ್ನೊಂದನ್ನು ಮರೆಯದೆ ನೋಡಿ. ಹೇಳುವವರು ನಡುವೆ ಅಳುತ್ತಾರೆ, ಸುಮ್ಮನಾಗುತ್ತಾರೆ. ಓಪನ್‌ಎಐ ಕಂಪನಿಯ ವಿಸ್ಪರ್ ಸಾಫ್ಟ್‌ವೇರ್ ಬಗ್ಗೆ 2024ರಲ್ಲಿ ಬಂದ ಅಧ್ಯಯನದಲ್ಲಿ, ಸುಮಾರು 1 ಪರ್ಸೆಂಟ್ ರೆಕಾರ್ಡಿಂಗ್‌ಗಳಲ್ಲಿ ಯಾರೂ ಆಡದ ಮಾತುಗಳನ್ನು ಯಂತ್ರ ತಾನೇ ಸೇರಿಸಿತ್ತು. ನಿಲ್ಲಿಸಿ ನಿಲ್ಲಿಸಿ ಮಾತಾಡುವವರಲ್ಲಿ ಇದು ಜಾಸ್ತಿ. ಮಾತು ತಪ್ಪಾಗಿ ಬಂದರೆ ಓದುವಾಗ ಎಡವುತ್ತೇವೆ, ತಿದ್ದುತ್ತೇವೆ. ಹುಟ್ಟಿಸಿದ ವಾಕ್ಯ ನಯವಾಗಿರುತ್ತದೆ, ಕಣ್ಣಿಗೆ ಬೀಳುವುದೇ ಇಲ್ಲ. ಪರೀಕ್ಷೆಯ ರೆಕಾರ್ಡಿಂಗ್‌ನಲ್ಲಿ ಬೇಕೆಂದೇ ಉದ್ದುದ್ದ ಮೌನ ಇರಲಿ.

ಕಾನೂನೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಬಿಎನ್‌ಎಸ್‌ಎಸ್ (ಸಿಆರ್‌ಪಿಸಿ ಜಾಗಕ್ಕೆ ಬಂದ ಕಾನೂನು) ಕಲಂ 173ರ ಪ್ರಕಾರ ಬಾಯಿಮಾತಿನ ದೂರನ್ನು ಬರೆದು, ಓದಿ ಹೇಳಿ, ಸಹಿ ಮಾಡಿಸಬೇಕು. ಅಲ್ಲಿ ತಪ್ಪು ಹಿಡಿಯಲು ಒಂದು ಅವಕಾಶವಿದೆ. ಕಲಂ 180ರ ಕೆಳಗೆ ಸಾಕ್ಷಿ ಕೊಡುವ ಹೇಳಿಕೆಗೆ ಸಹಿಯೇ ಇಲ್ಲ. ಯಂತ್ರದ ತಪ್ಪು ಅಲ್ಲಿ ಸೇರಿಕೊಂಡರೆ ಬಯಲಾಗುವುದು ಕೋರ್ಟಿನ ಕಟಕಟೆಯಲ್ಲಿ, ವರ್ಷಗಳಾದ ಮೇಲೆ. ‘ಪೊಲೀಸರ ಮುಂದೆ ಹಾಗೆ ಹೇಳಿದ್ದೆ, ಈಗ ಹೀಗೆ ಹೇಳುತ್ತೀಯಲ್ಲ’ ಎಂದು ವಕೀಲರು ಕೇಳಿದಾಗ ಪಾಪ ಆ ಸಾಕ್ಷಿ ಏನು ಉತ್ತರ ಕೊಡಬೇಕು?

ದನಿ ಎಲ್ಲಿಗೆ ಹೋಗುತ್ತದೆ, ಠಾಣೆಯ ಕಂಪ್ಯೂಟರಿನಲ್ಲೇ ಉಳಿಯುತ್ತದೋ ಕಂಪನಿಯ ಸರ್ವರಿಗೋ, ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಅತ್ಯಾಚಾರದ ಸಂತ್ರಸ್ತೆಯ ಗುರುತು ಪ್ರಕಟವಾದರೆ ಬಿಎನ್‌ಎಸ್ (ಐಪಿಸಿ ಜಾಗಕ್ಕೆ ಬಂದ ಕಾನೂನು) ಕಲಂ 72ರಲ್ಲಿ ಅದೇ ಒಂದು ಅಪರಾಧ.

ಇಂದಿಗೆ ನನ್ನ ಸಲಹೆ ಇಷ್ಟು. ಮಹಜರು, ಡೈರಿ ಹೇಳಿ ಬರೆಸಲು ಬಳಸಿ ನೋಡಿ. ತಿದ್ದುವ ಹೊತ್ತನ್ನೂ ಸೇರಿಸಿ ನೀವು ಟೈಪ್ ಮಾಡುವುದಕ್ಕಿಂತ ಬೇಗ ಮುಗಿದರೆ ಇಟ್ಟುಕೊಳ್ಳಿ. ದೂರು ಮತ್ತು ಹೇಳಿಕೆಯನ್ನು ಸದ್ಯಕ್ಕೆ ನೀವೇ ಬರೆಯಿರಿ. ಪರೀಕ್ಷೆಯ ರೆಕಾರ್ಡಿಂಗ್‌ಗಳನ್ನು ಕಂಪನಿಗೆ ಕೊಡಬೇಡಿ. ಅವರು ಸಾಫ್ಟ್‌ವೇರ್ ಬದಲಿಸಿದಾಗಲೆಲ್ಲ ಅವನ್ನೇ ಹಾಕಿ ಮತ್ತೆ ಎಣಿಸುತ್ತೇವೆ ಎಂಬ ಷರತ್ತನ್ನು ಒಪ್ಪಂದದಲ್ಲೇ ಬರೆಸಿ.