ಅರ್ಬುತನಿಗೆ ಹಸಿವಿರಲಿ

ಪ್ರಿಯ ಮಿತ್ರರೇ,

ಮಕ್ಕಳ ಸಂಚಿಕೆಗೆಂದು ನೀವು ತರೀಕೆರೆಯಿಂದ ಕಳುಹಿಸಿದ ಗೋವಿನ ಹಾಡಿನ ಜಲವರ್ಣ ಚಿತ್ರಗಳೂ ಅವುಗಳ ಜೊತೆಗಿನ ಬರಹವೂ ತಲುಪಿವೆ. ಈಗಿರುವಂತೆ ಇವನ್ನು ಪ್ರಕಟಿಸಲಾರೆವು. ಆದರೆ ಕರು ಬಾಲವೆತ್ತಿ ತಾಯಿಯ ಬಳಿಗೆ ಓಡುವ ಆ ಒಂದು ಚಿತ್ರವನ್ನು ನೋಡಿದ ಮೇಲೆ, ಎರಡು ಸಾಲಿನ ವಿಷಾದಪತ್ರ ಬರೆದು ಸುಮ್ಮನಾಗಲು ಮನಸ್ಸು ಒಪ್ಪಲಿಲ್ಲ.

ನನ್ನ ದೊಡ್ಡ ತಕರಾರು ಹುಲಿಯ ಬಗ್ಗೆ. ನಿಮ್ಮ ಅರ್ಬುತನಿಗೆ ದುಂಡು ಕೆನ್ನೆ, ನಗುವ ಬಾಯಿ. ಅವನು ಹೊಟ್ಟೆ ತುಂಬಿದ ಹುಲಿ. ಮಕ್ಕಳು ಹೆದರಬಾರದೆಂಬ ಕಾಳಜಿ ಅರ್ಥವಾಗುತ್ತದೆ. ಆದರೆ ಹಾಡಿನ ಹುಲಿ ಬೆಟ್ಟದಲ್ಲಿ ಹಸಿದು ಕಾದಿತ್ತು. ಆ ಹಸಿವು ನಿಜವಾಗದಿದ್ದರೆ ಪುಣ್ಯಕೋಟಿ ಕೊಟ್ಟ ಮಾತಿಗೆ ತೂಕವೆಲ್ಲಿ? ನಗುವ ಹುಲಿಯ ಬಳಿಗೆ ಯಾರು ಬೇಕಾದರೂ ಹಿಂದಿರುಗಿ ಹೋಗುತ್ತಾರೆ. ಹೊಂಚು ಹಾಕುವ ಹುಲಿ ತಲೆ ತಗ್ಗಿಸುತ್ತದೆ, ಹೆಗಲ ಮೂಳೆಗಳು ಮೇಲೆದ್ದು ಕಾಣುತ್ತವೆ. ಕೋರೆಹಲ್ಲು, ರಕ್ತ ಯಾವುದೂ ಬೇಡ. ಆ ಹೆಗಲು ಸಾಕು.

ಕೊನೆಯ ಪುಟದಲ್ಲಂತೂ ಹುಲಿ, ಹಸು ಅಪ್ಪಿಕೊಂಡು ನಿಂತಿವೆ. ಹಾಡಿನಲ್ಲಿ ಹುಲಿ ಹಾರಿ ಪ್ರಾಣ ಬಿಡುತ್ತದೆ. ಎಷ್ಟೋ ತಲೆಮಾರಿನ ಮಕ್ಕಳು ಆ ಸಾಲಿನಲ್ಲಿ ಗಂಟಲು ಕಟ್ಟಿದರೂ ಮತ್ತೆ ಮೊದಲಿನಿಂದ ಹಾಡಿದ್ದಾರೆ. ಆ ದುಃಖ ಅವರದು, ಅದನ್ನು ಕಸಿಯುವ ಹಕ್ಕು ನಮಗಿಲ್ಲ. ಸಾವನ್ನು ತೋರಿಸಲೇಬೇಕೆಂದಿಲ್ಲ. ಬರಿದಾದ ಬಂಡೆ, ಅದರ ಮುಂದೆ ಒಂಟಿ ಹಸು ಇದ್ದರೆ ಮಗುವಿಗೆ ತಿಳಿಯುತ್ತದೆ.

ಇನ್ನು ಹಸು. ಕಪ್ಪು ಬಿಳಿ ಮಚ್ಚೆಯ ವಿದೇಶಿ ಹೋಲ್‌ಸ್ಟೀನ್ ಹಸು ಕಾಳಿಂಗನ ದೊಡ್ಡಿಗೆ ಹೇಗೆ ಬಂತು? ನಿಮ್ಮ ಪಕ್ಕದ ಅಜ್ಜಂಪುರದಲ್ಲೇ ಅಮೃತ್ ಮಹಲ್ ತಳಿ ಸಂವರ್ಧನಾ ಕೇಂದ್ರವಿದೆ. ಒಮ್ಮೆ ಹೋಗಿ ನೋಡಿ: ಬೂದು ಮೈ, ಉದ್ದನೆಯ ಮುಖ, ನೆತ್ತಿಯಲ್ಲಿ ಹತ್ತಿರ ಹತ್ತಿರ ಹುಟ್ಟಿ ಹಿಂದಕ್ಕೆ ಬಾಗಿ ಮೇಲೇರುವ ಚೂಪು ಕೊಂಬು. ಹೊಸಬರನ್ನು ಸುಲಭವಾಗಿ ಹತ್ತಿರ ಸೇರಿಸದ ತಳಿ, ದೂರ ನಿಂತೇ ಗೆರೆ ಹಾಕಿಕೊಳ್ಳಿ. ಅಂಥ ಕೊಂಬಿರುವ ಹಸು ಹುಲಿಯ ಮುಂದೆ ತಲೆ ಬಾಗಿ ನಿಂತರೆ ಚಿತ್ರಕ್ಕೆ ಬರುವ ಬಲವೇ ಬೇರೆ. ಗಿಡ್ಡ ಹಸುವೇ ಬೇಕೆಂದಿದ್ದರೆ ಮಲೆನಾಡು ಗಿಡ್ಡ ಇದ್ದೇ ಇದೆ.

ಹಸುವಿನ ಬಿಳುಪಿಗೆ ನೀವು ಪೋಸ್ಟರ್ ಬಣ್ಣ ಮೆತ್ತಿರುವುದರಿಂದ ಮೈಯೆಲ್ಲ ಸುಣ್ಣ ಬಳಿದ ಗೋಡೆಯಂತಾಗಿದೆ. ಜಲವರ್ಣದಲ್ಲಿ ಬಿಳುಪನ್ನು ಕಾಗದವೇ ಕೊಡಬೇಕು. ಬೆಳಕು ಬೀಳುವ ಜಾಗವನ್ನು ಮೊದಲೇ ಯೋಚಿಸಿ ಹಾಗೇ ಬಿಡಿ. ನೆರಳಿಗೆ ಕಪ್ಪು ಬೇಡ, ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣ ಬೆರೆಸಿದರೆ ಜೀವವಿರುವ ಬೂದು ಸಿಗುತ್ತದೆ. ಕಾಗದ ಸುಕ್ಕಾಗಿದೆ, 300 ಜಿಎಸ್‌ಎಂ ತೂಕದ ದಪ್ಪ ಕಾಗದ ಬಳಸಿ.

ಬರಹ ಮುಕ್ಕಾಲು ಪಾಲು ಹೋಗಲಿ. ಹಸು ಅಳುವ ಚಿತ್ರದ ಕೆಳಗೆ ‘ಹಸು ಅಳುತ್ತಿತ್ತು’ ಎಂದು ಬರೆಯುವ ಅಗತ್ಯವಿಲ್ಲ. ತಬ್ಬಲಿಯಾಗಲಿರುವ ಕರುವನ್ನು ತಾಯಿ ಉಳಿದ ಹಸುಗಳ ಕೈಗೆ ಒಪ್ಪಿಸುವ ಭಾಗವನ್ನು ನೀವು ಒಂದೇ ವಾಕ್ಯದಲ್ಲಿ ಮುಗಿಸಿದ್ದೀರಿ. ಅಲ್ಲಿ ಅವಳ ಮಾತು ಬೇಕು, ಬಣ್ಣದಿಂದ ಅದು ಆಗದು.

ಹುಲಿಯ ಪುಟ ಮತ್ತು ಕೊನೆಯ ಪುಟವನ್ನು ಬಣ್ಣ ಹಚ್ಚುವ ಮೊದಲು ಪೆನ್ಸಿಲ್‌ನಲ್ಲೇ ಕಳುಹಿಸಿ. ಕರುವಿನ ಚಿತ್ರವನ್ನು ಮಾತ್ರ ಮುಟ್ಟಬೇಡಿ.

ಇಂತಿ,
ಸಂಪಾದಕ, ಚಿಕ್ಕಮಗಳೂರು